ಇಟಲಿಯವರಿಗೆ ಇಂಗ್ಲಿಷಿನ ‘ಗೆಟ್’ ಕಲಿಸುವುದು: ಓದುಗರ ಪ್ರಶ್ನೆಗಳಿಗೆ ಉತ್ತರ

ಇಟಾಲಿಯನ್ ಮಾತೃಭಾಷೆಯವರಿಗೆ ಇಂಗ್ಲಿಷ್ ಹೇಳಿಕೊಡುವ, ಇಲ್ಲವೇ ಅವರ ಜೊತೆ ಕೆಲಸ ಮಾಡುವ ಓದುಗರಿಂದ ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ‘ಗೆಟ್’ ಎಂಬ ಒಂದೇ ಕ್ರಿಯಾಪದವನ್ನು ಕುರಿತವು. ಅವುಗಳಲ್ಲಿ ಆರನ್ನು ಆರಿಸಿ ಉತ್ತರಿಸಿದ್ದೇವೆ.

ಮೈಸೂರಿನಿಂದ, ಆನ್‌ಲೈನ್ ಪಾಠ ಹೇಳುವ ಓದುಗರು: ಬೊಲೊನ್ಯಾದ ಇಬ್ಬರು ದೊಡ್ಡವರು ನನ್ನ ಬಳಿ ಇಂಗ್ಲಿಷ್ ಕಲಿಯುತ್ತಿದ್ದಾರೆ. ‘ಗೆಟ್’ಗೆ ಇರುವ ಹದಿನೈದು ಅರ್ಥಗಳ ಪಟ್ಟಿ ಮಾಡಿಕೊಟ್ಟೆ. ಪಟ್ಟಿ ಒಪ್ಪಿಸು ಎಂದರೆ ಒಪ್ಪಿಸುತ್ತಾರೆ, ಮಾತಿಗೆ ಕೂತರೆ ಮತ್ತೆ ‘ಅಬ್‌ಟೇನ್’, ‘ಬಿಕಮ್’ ಎಂದೇ ಹೇಳುತ್ತಾರೆ. ಎಲ್ಲಿಂದ ಶುರು ಮಾಡಬೇಕು?

ಪಟ್ಟಿಯನ್ನು ಪಕ್ಕಕ್ಕಿಡಿ. ನಿಮ್ಮ ವಿದ್ಯಾರ್ಥಿಗಳ ಕಿವಿಗೆ ‘ಗೆಟ್’ ಬೇಕೇ ಆಗಿಲ್ಲ, ತೊಂದರೆ ಇರುವುದು ಅಲ್ಲಿ. ಇಟಾಲಿಯನ್ನಿನ ‘ಒತ್ತೆನೇರೆ’ಗೆ ಇಂಗ್ಲಿಷಿನಲ್ಲಿ ‘ಅಬ್‌ಟೇನ್’ ಸಿಗುತ್ತದೆ, ‘ರಿಚೇವೆರೆ’ಗೆ ‘ರಿಸೀವ್’, ‘ಅರ್ರಿವಾರೆ’ಗೆ ‘ಅರೈವ್’. ಎಲ್ಲವೂ ಲ್ಯಾಟಿನ್ ಕಡೆಯ ನೆಂಟರು, ಕೇಳಿದ ಕೂಡಲೇ ಪರಿಚಯದವು. ‘ಗೆಟ್’ ಉತ್ತರ ಯುರೋಪಿನ ನಾರ್ಸ್ ಭಾಷೆಯಿಂದ ಇಂಗ್ಲಿಷಿಗೆ ಬಂದದ್ದು, ಇಟಾಲಿಯನ್ನರಿಗೆ ಅದರ ಗುರುತೇ ಇಲ್ಲ. ಹೀಗಾಗಿ ಅರ್ಥ ಎಷ್ಟು ಸಲ ವಿವರಿಸಿದರೂ ಅವರು ಪರಿಚಯದ ಪದವನ್ನೇ ಹಿಡಿಯುತ್ತಾರೆ.

ಪರಿಚಯದ ಲ್ಯಾಟಿನ್ ಪದ ಕೈಗೆ ಸಿಗದ ಜಾಗದಿಂದ ಪಾಠ ಶುರುವಾಗಬೇಕು. ಆ ಜಾಗ ಇಟಾಲಿಯನ್ನಿನ ‘ಸಿ’ ಹತ್ತಿದ ಕ್ರಿಯಾಪದಗಳು. ಇವು ನಮ್ಮ ‘ಕೊಳ್ಳು’ ಇದ್ದ ಹಾಗೆ. ‘ವೆಸ್ತೀರ್ಸಿ’ ಎಂದರೆ ಬಟ್ಟೆ ಹಾಕಿಕೊಳ್ಳುವುದು, ‘ಗೆಟ್ ಡ್ರೆಸ್ಡ್’. ‘ಸ್ಪೊಸಾರ್ಸಿ’ ಎಂದರೆ ‘ಗೆಟ್ ಮ್ಯಾರೀಡ್’. ‘ಪೆರ್ದೆರ್ಸಿ’ ದಾರಿ ತಪ್ಪಿಸಿಕೊಳ್ಳುವುದು, ‘ಗೆಟ್ ಲಾಸ್ಟ್’. ‘ಸ್ತಂಕಾರ್ಸಿ’ ‘ಗೆಟ್ ಟೈರ್ಡ್’, ‘ಅರ್ರಬ್ಬ್ಯಾರ್ಸಿ’ ‘ಗೆಟ್ ಆಂಗ್ರಿ’, ‘ಅಮ್ಮಲಾರ್ಸಿ’ ‘ಗೆಟ್ ಇಲ್’, ‘ಅನ್ನೊಯಾರ್ಸಿ’ ‘ಗೆಟ್ ಬೋರ್ಡ್’, ‘ಅಬಿತುವಾರ್ಸಿ’ ‘ಗೆಟ್ ಯೂಸ್ಡ್ ಟು’. ಮೊದಲ ವಾರಕ್ಕೆ ಈ ಎಂಟು ಸಾಕು. ಒಂಬತ್ತನೆಯದನ್ನು ಸೇರಿಸುವ ಆಸೆ ಬಂದರೆ ತಡೆಯಿರಿ.

ಪ್ರತಿಯೊಂದನ್ನೂ ಜೋಡಿಯಾಗಿ ಕೊಡಿ, ಒಂದು ಸ್ಥಿತಿ, ಒಂದು ಬದಲಾವಣೆ. ‘ಎ ಸ್ಪೊಸಾತ’ ಎಂದರೆ ಆಕೆ ಮದುವೆಯಾದವಳು, ‘ಶೀ ಈಸ್ ಮ್ಯಾರೀಡ್’. ‘ಸಿ ಎ ಸ್ಪೊಸಾತ’ ಎಂದರೆ ಮದುವೆಯಾದಳು, ‘ಶೀ ಗಾಟ್ ಮ್ಯಾರೀಡ್’. ನಡುವೆ ಒಂದು ‘ಸಿ’ ಬಂದರೆ ಇಂಗ್ಲಿಷಿನಲ್ಲಿ ‘ಬಿ’ ಹೋಗಿ ‘ಗೆಟ್’ ಬರುತ್ತದೆ. ಇದು ಮನಸ್ಸಿಗೆ ಹತ್ತಿದ ದಿನ ಅರ್ಧ ಪಾಠ ಮುಗಿದಂತೆ. ವರ್ಷ ಸೇರಿಸಿಯೂ ಮಾಡಿಸಿ: ‘ಶೀ ಗಾಟ್ ಮ್ಯಾರೀಡ್ ಇನ್ 2015’, ‘ಶೀ ಹ್ಯಾಸ್ ಬೀನ್ ಮ್ಯಾರೀಡ್ ಸಿನ್ಸ್ 2015’. ಎರಡನೆಯದರಲ್ಲಿ ಇಟಾಲಿಯನ್ನರು ‘ಶೀ ಈಸ್ ಮ್ಯಾರೀಡ್ ಫ್ರಮ್ 2015’ ಎನ್ನುತ್ತಾರೆ, ಅವರ ಭಾಷೆಯಲ್ಲಿ ಅಲ್ಲಿ ವರ್ತಮಾನ ಕಾಲವೇ ಸರಿ. ‘ಮ್ಯಾರೀಡ್’ ಆದ ಮೇಲೆ ‘ವಿತ್’ ಬರದಂತೆ ನೋಡಿಕೊಳ್ಳಿ. ಇಟಾಲಿಯನ್ನಿನಲ್ಲಿ ‘ಕೊನ್’ ಬರುತ್ತದೆ, ಇಂಗ್ಲಿಷಿನಲ್ಲಿ ‘ಟು’.

‘ಸಿ’ ಇದ್ದ ಕಡೆಯೆಲ್ಲ ‘ಗೆಟ್’ ಹಾಕಿಬಿಡುವ ಅಪಾಯವೂ ಇದೆ. ‘ರಿಕೊರ್ದಾರ್ಸಿ’ ಎಂದರೆ ನೆನಪಿಟ್ಟುಕೊಳ್ಳುವುದು. ಅದಕ್ಕೆ ‘ರಿಮೆಂಬರ್’ ಒಂದೇ ಸಾಕು. ‘ಸೆದೇರ್ಸಿ’ಗೆ ‘ಸಿಟ್ ಡೌನ್’, ‘ಲವಾರ್ಸಿ’ಗೆ ‘ವಾಶ್’. ತಾಳೆ ನೋಡುವ ಬಗೆ ಸುಲಭ: ಕೆಲಸ ಮುಗಿದ ಮೇಲೆ ಆ ವ್ಯಕ್ತಿಯನ್ನು ಒಂದು ವಿಶೇಷಣದಿಂದ ಬಣ್ಣಿಸಲು ಬರುತ್ತದೆಯೇ? ‘ಟೈರ್ಡ್’, ‘ಲಾಸ್ಟ್’, ‘ಡ್ರೆಸ್ಡ್’ ಎನ್ನಬಹುದು. ನೆನಪಿಟ್ಟುಕೊಂಡವನಿಗೆ ಅಂಥ ಪದವಿಲ್ಲ.

‘ಬಿಕಮ್’ ವಿಷಯದಲ್ಲಿ ಒಂದೇ ಎಚ್ಚರಿಕೆ. ‘ಗೆಟ್’ ಮುಂದೆ ವಿಶೇಷಣ ಬರಲಿ, ನಾಮಪದ ಬಂದರೆ ಅರ್ಥವೇ ಬದಲಾಗುತ್ತದೆ. ‘ಬಿಕಮ್ ಎ ಡಾಕ್ಟರ್’ ಎಂದರೆ ವೈದ್ಯನಾಗುವುದು, ‘ಗೆಟ್ ಎ ಡಾಕ್ಟರ್’ ಎಂದರೆ ವೈದ್ಯರನ್ನು ಕರೆದುಕೊಂಡು ಬರುವುದು. ಕತ್ತಲಾಗುತ್ತಿದೆ ಎನ್ನಲು ‘ಇಟ್ಸ್ ಗೆಟಿಂಗ್ ಡಾರ್ಕ್’ ಹೇಳಿಸುವಾಗ ಮೊದಲಿನ ‘ಇಟ್’ ಬಿದ್ದುಹೋಗುತ್ತದೆ, ಅವರ ‘ಸಿ ಫ ಬೂಯೊ’ದಲ್ಲಿ ಕರ್ತೃಪದವೇ ಇಲ್ಲ. ನಮ್ಮಲ್ಲೂ ಇಲ್ಲವಾದ್ದರಿಂದ ಕನ್ನಡದ ಶಿಕ್ಷಕರ ಕಿವಿಗೆ ಈ ಲೋಪ ತಟ್ಟುವುದೇ ಇಲ್ಲ. ಬೇಕೆಂದೇ ಕಿವಿಗೊಟ್ಟು ಕೇಳಿ.

ರೋಮ್‌ನಿಂದ, ಮಂಗಳೂರು ಮೂಲದ ಸಿಸ್ಟರ್: ನಮ್ಮ ಕಾನ್ವೆಂಟಿನ ಇಟಾಲಿಯನ್ ಸಿಸ್ಟರುಗಳಿಗೆ ಪ್ರಯಾಣಕ್ಕೆ ಬೇಕಾಗುವಷ್ಟು ಇಂಗ್ಲಿಷ್ ಹೇಳಿಕೊಡುತ್ತಿದ್ದೇನೆ. ‘ಗೆಟ್ ಆನ್’, ‘ಗೆಟ್ ಇನ್’, ‘ಗೆಟ್ ಆಫ್’, ‘ಗೆಟ್ ಔಟ್’ ಕಲಸಿಹೋಗುತ್ತಿವೆ. ಸುಲಭದ ದಾರಿ ಇದೆಯೇ?

ಹತ್ತುವ ವಿಷಯದಲ್ಲಿ ಇದೆ, ಸಿಸ್ಟರ್. ದಾರಿ ಅವರ ಭಾಷೆಯಲ್ಲೇ ಇದೆ. ‘ಸಲೀರೆ’ ಎಂದರೆ ಹತ್ತುವುದು. ಕಾರು ಹತ್ತುವುದಕ್ಕೆ ‘ಸಲೀರೆ ಇನ್ ಮಾಕ್ಕಿನ’ ಎನ್ನುತ್ತಾರೆ, ರೈಲಿಗೆ ‘ಸಲೀರೆ ಸುಲ್ ತ್ರೇನೊ’, ಬಸ್ಸಿಗೆ ‘ಸುಲ್ಲಾವ್ತೊಬುಸ್’. ‘ಇನ್’ (ಒಳಗೆ) ಇದ್ದಲ್ಲಿ ‘ಗೆಟ್ ಇನ್’, ‘ಸು’ (ಮೇಲೆ; ‘ಸುಲ್’, ‘ಸುಲ್ಲ’ ಅದರ ರೂಪಗಳೇ) ಇದ್ದಲ್ಲಿ ‘ಗೆಟ್ ಆನ್’. ಸಣ್ಣ ದೋಣಿಗೆ ‘ಇನ್ ಬಾರ್ಕ’, ಹಡಗಿಗೆ ‘ಸುಲ್ಲ ನಾವೆ’. ಅಲ್ಲೂ ಇಂಗ್ಲಿಷ್ ಹಾಗೆಯೇ ನಡೆಯುತ್ತದೆ.

ಆದರೆ ಪ್ರಶ್ನೆಯನ್ನು ‘ಸಲೀರೆ’ ಇಟ್ಟುಕೊಂಡೇ ಕೇಳಬೇಕು. ‘ಅಂದಾರೆ’, ಅಂದರೆ ಹೋಗುವುದು ಎಂಬ ಪದ ತಂದರೆ ಕೆಟ್ಟಿತು. ರೈಲಿನಲ್ಲಿ ಹೋಗುವುದು ‘ಅಂದಾರೆ ಇನ್ ತ್ರೇನೊ’, ಸೈಕಲ್ಲಿನಲ್ಲಿ ‘ಇನ್ ಬೀಚಿ’, ವಿಮಾನದಲ್ಲಿ ‘ಇನ್ ಅಯೇರೆಯೊ’. ಎಲ್ಲದಕ್ಕೂ ‘ಇನ್’. ‘ಗೆಟ್ ಇನ್ ದ ಟ್ರೇನ್’ ಎಂಬ ತಪ್ಪು ಅಲ್ಲಿಂದಲೇ ಬರುವುದು. ಟ್ಯಾಕ್ಸಿಯೊಂದು ಹೊರಗೆ ಉಳಿಯುತ್ತದೆ. ಅವರು ‘ಸುಲ್ ತಾಕ್ಸಿ’ ಎಂದೂ ಹೇಳುವುದುಂಟು, ಇಂಗ್ಲಿಷಿನಲ್ಲಿ ಅದು ಕಾರಿನ ಜಾತಿಗೆ ಸೇರಿದ್ದು, ‘ಗೆಟ್ ಇನ್’.

ಇಳಿಯುವಾಗ ಈ ಆಸರೆ ಇಲ್ಲ. ‘ಶೇಂದೆರೆ ದ’ ಎಂಬ ಒಂದೇ ರೂಪ ಕಾರಿಗೂ ಆಗುತ್ತದೆ, ಬಸ್ಸಿಗೂ ಆಗುತ್ತದೆ. ಹೀಗಾಗಿ ಹತ್ತುವುದರ ಜೊತೆಗೇ ಇಳಿಯುವುದನ್ನು ಕಟ್ಟಿ ಕಲಿಸಿ: ‘ಆನ್’ ಹತ್ತಿದವರು ‘ಆಫ್’ ಇಳಿಯುತ್ತಾರೆ, ‘ಇನ್’ ಹತ್ತಿದವರು ‘ಔಟ್ ಆಫ್’ ಇಳಿಯುತ್ತಾರೆ. ‘ದ’ ಎಂದರೆ ‘ಇಂದ’ ಆದ್ದರಿಂದ ‘ಗೆಟ್ ಔಟ್ ಫ್ರಮ್ ದ ಕಾರ್’ ಎಂದು ಬಾಯಿಗೆ ಬರುತ್ತದೆ. ‘ಔಟ್ ಆಫ್’ ಎಂಬ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿಸಿ.

ಇನ್ನೊಂದು ಮಾತು ನಮ್ಮ ಕಡೆಯವರಿಗೆ. ಬಸ್ಸಿನಿಂದ ಇಳಿಯುವುದಕ್ಕೆ ನಾವು ಭಾರತದಲ್ಲಿ ‘ಗೆಟ್ ಡೌನ್’ ಎನ್ನುತ್ತೇವೆ. ಇಲ್ಲಿ ಅದು ಎಲ್ಲರಿಗೂ ಅರ್ಥವಾಗುವ ಬಳಕೆ. ಲಂಡನ್ನಿನ ಬಸ್ಸಿನಲ್ಲಿ ‘ಗೆಟ್ ಡೌನ್’ ಎಂದರೆ ಬಗ್ಗಿಕೊಳ್ಳಿ, ಕೆಳಗೆ ಕೂರಿ ಎಂಬಂತೆ ಕೇಳಿಸಬಹುದು. ‘ಶೇಂದೆರೆ’ಯಲ್ಲಿ ಕೆಳಗೆ ಎಂಬ ಭಾವ ಇರುವುದರಿಂದ ಇಟಾಲಿಯನ್ನರು ‘ಗೆಟ್ ಡೌನ್’ ಅನ್ನು ಥಟ್ಟನೆ ಹಿಡಿದುಬಿಡುತ್ತಾರೆ, ಆಮೇಲೆ ಬಿಡಿಸುವುದು ಕಷ್ಟ. ಪಾಠದ ಹೊತ್ತಿನಲ್ಲಿ ‘ಗೆಟ್ ಆಫ್’ ಅನ್ನೇ ಬಳಸಿ.

ತಲುಪುವುದಕ್ಕೆ ‘ಗೆಟ್ ಟು ದ ಸ್ಟೇಷನ್’, ಆದರೆ ಮನೆಗೆ ‘ಗೆಟ್ ಹೋಮ್’. ಅಲ್ಲಿ ‘ಟು’ ಇಲ್ಲ. ‘ಅರೈವ್ ಟು’ ಎಂಬುದು ಅವರ ಖಾಯಂ ತಪ್ಪು, ‘ಗೆಟ್ ಟು’ ರೂಢಿಯಾದರೆ ಅದೂ ತಾನಾಗಿ ಕಡಿಮೆಯಾಗುತ್ತದೆ.

ಬೆಂಗಳೂರಿನಿಂದ, ಸಾಫ್ಟ್‌ವೇರ್ ಕಂಪನಿಯೊಂದರ ಓದುಗರು: ಮಿಲಾನೊದ ಸಹೋದ್ಯೋಗಿಗಳು ‘ಐ ಹ್ಯಾವ್ ಗಾಟ್ ಯುವರ್ ಮೇಲ್ ಯೆಸ್ಟರ್ಡೇ’ ಎಂದು ಬರೆಯುತ್ತಾರೆ. ಇದು ತಪ್ಪೇ?

ತಪ್ಪು, ಅದೂ ಎರಡು ಬಗೆಯಲ್ಲಿ. ಇಟಾಲಿಯನ್ನಿನ ‘ಒ ರಿಚೆವೂತೊ’ ರೂಪದಲ್ಲಿ ‘ಹ್ಯಾವ್’ಗೆ ಸಮನಾದ ‘ಒ’ ಇದೆ, ಅದರ ಪಕ್ಕ ‘ನಿನ್ನೆ’ ಎಂಬ ಪದ ಬಂದರೂ ಅವರಿಗೆ ಏನೂ ಅಡ್ಡಿಯಿಲ್ಲ. ಇಂಗ್ಲಿಷಿನಲ್ಲಿ ‘ಯೆಸ್ಟರ್ಡೇ’ ಬಂದರೆ ‘ಹ್ಯಾವ್’ ಹೋಗಬೇಕು. ‘ನಿಮ್ಮ ಮೇಲ್ ನಿನ್ನೆಯೇ ಬಂದಿದೆ’ ಎಂದು ಕನ್ನಡದಲ್ಲೂ ಸಲೀಸಾಗಿ ಹೇಳುತ್ತೇವೆ, ನಮ್ಮ ಆಫೀಸುಗಳ ಇಂಗ್ಲಿಷಿನಲ್ಲಿ ಇದೇ ತಪ್ಪು ಕಾಣುವುದಕ್ಕೆ ಅದೇ ಕಾರಣ. ಎರಡನೆಯದು, ‘ಹ್ಯಾವ್ ಗಾಟ್’ ಎಂದರೆ ಸಾಮಾನ್ಯವಾಗಿ ‘ಸಿಕ್ಕಿತು’ ಎಂದಲ್ಲ, ‘ಇದೆ’ ಎಂದು. ‘ಐ ಹ್ಯಾವ್ ಗಾಟ್ ಎ ಕಾರ್’ ಎಂದರೆ ನನ್ನ ಹತ್ತಿರ ಕಾರು ಇದೆ ಎಂದಷ್ಟೇ ಅರ್ಥ. ಸಿಕ್ಕಿದೆ, ಬಂದಿದೆ ಎಂಬುದಕ್ಕೆ ಅಮೆರಿಕದವರು ‘ಐ ಹ್ಯಾವ್ ಗಾಟನ್’ ಎನ್ನುತ್ತಾರೆ. ಬ್ರಿಟನ್ನಿನ ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ‘ಗಾಟನ್’ ಬಳಸುವುದಿಲ್ಲ.

ಚಾಟ್‌ನಲ್ಲಿ ‘ಐ ಗಾಟ್ ಯುವರ್ ಮೇಲ್ ಯೆಸ್ಟರ್ಡೇ’ ಎಂದರಾಯಿತು. ಗ್ರಾಹಕರಿಗೆ ಹೋಗುವ ಪತ್ರದಲ್ಲಿ ‘ಐ ರಿಸೀವ್ಡ್’ ಹೆಚ್ಚು ಒಪ್ಪುತ್ತದೆ. ಅವರ ಲ್ಯಾಟಿನ್ ಅಭ್ಯಾಸ ಅಲ್ಲಿ ಅನುಕೂಲವೇ, ಬಿಡಿಸಲು ಹೋಗಬೇಡಿ.

ತೊರಿನೊದಿಂದ, ಕನ್ನಡಿಗ ತಾಯಿ: ಮಗಳು ಇಲ್ಲಿಯ ಲಿಚೇವೊದಲ್ಲಿ (ಪ್ರೌಢಶಾಲೆಯಲ್ಲಿ) ಓದುತ್ತಿದ್ದಾಳೆ, ಕೇಂಬ್ರಿಜ್‌ನ ಬಿ2 ಫಸ್ಟ್ ಎಂಬ ಇಂಗ್ಲಿಷ್ ಪರೀಕ್ಷೆಗೆ ಕಟ್ಟಿದ್ದಾಳೆ. ಫ್ರೇಸಲ್ ವರ್ಬ್‌ಗಳಲ್ಲಿ (‘ಥ್ರೋ ಅವೇ’ಯಂತೆ ಕ್ರಿಯಾಪದಕ್ಕೆ ಚಿಕ್ಕ ಪದ ಸೇರಿದವು) ‘ಇಟ್’ ಎಲ್ಲಿ ಬರಬೇಕು ಎಂದು ತಿಳಿಯದೆ ಅಂಕ ಕಳೆದುಕೊಳ್ಳುತ್ತಾಳೆ. ಮನೆಯಲ್ಲಿ ಹೇಗೆ ಅಭ್ಯಾಸ ಮಾಡಿಸಲಿ?

ಫ್ರೇಸಲ್ ವರ್ಬ್ ಇಂಗ್ಲಿಷಿಗೆ ಮಾತ್ರ ಸೇರಿದ್ದೆಂದು ಇಟಲಿಯ ಮಕ್ಕಳು ನಂಬಿರುತ್ತಾರೆ. ಅದನ್ನು ಮೊದಲು ಅಳಿಸಿ. ಅವರ ಮಾತಿನಲ್ಲೇ ‘ಬುತ್ತಾರೆ ವೀಯ’ ಇದೆ, ಎಸೆದುಬಿಡುವುದು, ‘ಥ್ರೋ ಅವೇ’. ‘ಮೆತ್ತೆರೆ ಜು’ ಇದೆ, ಕೆಳಗಿಡುವುದು, ‘ಪುಟ್ ಡೌನ್’. ‘ತಿರಾರೆ ಫುವೋರಿ’ ಇದೆ, ಹೊರಗೆ ತೆಗೆಯುವುದು, ‘ಗೆಟ್ ಔಟ್’. ಮನಸ್ಸು ಕುಗ್ಗಿಸುತ್ತದೆ ಎನ್ನಲು ‘ಮಿ ಬುತ್ತ ಜು’ ಎನ್ನುತ್ತಾರೆ, ಇಂಗ್ಲಿಷಿನ ‘ಇಟ್ ಗೆಟ್ಸ್ ಮಿ ಡೌನ್’ ಅದೇ ಚಿತ್ರ.

‘ಇಟ್’ನ ಜಾಗ ತಪ್ಪುವುದು ಯಾಕೆ ನೋಡಿ. ‘ಬುತ್ತೊ ವೀಯ ಇಲ್ ಜೊರ್ನಾಲೆ’, ಪತ್ರಿಕೆ ಎಸೆಯುತ್ತೇನೆ, ಎನ್ನುವಾಗ ಕ್ರಿಯಾಪದ ಮತ್ತು ‘ವೀಯ’ ಒಟ್ಟಿಗಿರುತ್ತವೆ. ಅದೇ ಅಚ್ಚಿನಲ್ಲಿ ‘ಐ ಥ್ರೋ ಅವೇ ಇಟ್’ ಬರುತ್ತದೆ. ಆದರೆ ಆಜ್ಞೆ ಮಾಡುವಾಗ ಇಟಾಲಿಯನ್ ಏನು ಮಾಡುತ್ತದೆ? ‘ಬುತ್ತಲೊ ವೀಯ!’ ಅದರಲ್ಲಿ ‘ಲೊ’ ಎಂದರೆ ‘ಅದನ್ನು’, ಅದು ನಡುವೆ ಬಂದು ಕೂತಿದೆ. ‘ಥ್ರೋ ಇಟ್ ಅವೇ’ ಪದಕ್ಕೆ ಪದ ಇದೇ ಕ್ರಮ. ‘ಮೆತ್ತಿಲೊ ಜು’, ‘ಪುಟ್ ಇಟ್ ಡೌನ್’. ‘ತೀರಲೊ ಫುವೋರಿ’, ‘ಗೆಟ್ ಇಟ್ ಔಟ್’. ಮಗಳು ಇಂಗ್ಲಿಷ್ ವಾಕ್ಯ ಬರೆಯುವ ಮೊದಲು ಅದನ್ನು ಇಟಾಲಿಯನ್ನಿನಲ್ಲಿ ಆಜ್ಞೆಯ ರೂಪಕ್ಕೆ ತಂದು ಒಮ್ಮೆ ಬಾಯಿಬಿಟ್ಟು ಹೇಳಲಿ. ಸರ್ವನಾಮ ಎಲ್ಲಿ ಬರಬೇಕೆಂದು ಅವಳ ಕಿವಿಯೇ ಹೇಳುತ್ತದೆ.

ಇದು ನಡೆಯುವುದು ನಡುವೆ ‘ಇಟ್’ ಇಟ್ಟು ಬಿಡಿಸಬಹುದಾದ ಕ್ರಿಯಾಪದಗಳಲ್ಲಿ. ‘ಗೆಟ್’ ಬಳಗದಲ್ಲಿ ಅಂಥವು ಕಡಿಮೆ: ‘ಗೆಟ್ ಇಟ್ ಬ್ಯಾಕ್’ ಎಂದರೆ ಮರಳಿ ಪಡೆಯುವುದು, ‘ಗೆಟ್ ಇಟ್ ಅಕ್ರಾಸ್’ ಎಂದರೆ ವಿಷಯವನ್ನು ಇನ್ನೊಬ್ಬರಿಗೆ ಮನದಟ್ಟು ಮಾಡುವುದು, ಮೇಲೆ ಹೇಳಿದ ‘ಔಟ್’, ‘ಡೌನ್’. ಉಳಿದ ಬಹಳಷ್ಟರಲ್ಲಿ ‘ಇಟ್’ ಕೊನೆಗೇ ಬರಬೇಕು. ‘ಗೆಟ್ ಓವರ್ ಇಟ್’ ಎಂದರೆ ಕಾಯಿಲೆಯಿಂದಲೋ ದುಃಖದಿಂದಲೋ ಚೇತರಿಸಿಕೊಳ್ಳುವುದು, ‘ಗೆಟ್ ಥ್ರೂ ಇಟ್’ ಎಂದರೆ ಕಷ್ಟವನ್ನು ದಾಟುವುದು. ‘ಗೆಟ್ ಇಟ್ ಓವರ್ ವಿತ್’ ಎಂಬುದೊಂದು ಬೇರೆಯೇ ಇದೆ, ಬೇಡದ ಕೆಲಸವನ್ನು ಬೇಗ ಮುಗಿಸಿ ಕೈತೊಳೆದುಕೊಳ್ಳುವುದು. ‘ಓವರ್’ ಇರುವ ಈ ಎರಡನ್ನೂ ಒಂದೇ ದಿನ ಕಲಿಸಬೇಡಿ, ಖಂಡಿತ ಕಲಸಿಹೋಗುತ್ತವೆ.

ಮೂರು ಪದದ ಉಳಿದವುಗಳಲ್ಲಿ ಅಷ್ಟು ಗೊಂದಲವಿಲ್ಲ, ಕರ್ಮಪದ ಸಾಮಾನ್ಯವಾಗಿ ಕಟ್ಟಕಡೆಗೆ: ‘ಗೆಟ್ ಆನ್ ವಿತ್ ಹರ್’ (ಅವಳ ಜೊತೆ ಹೊಂದಿಕೊಂಡು ಹೋಗುವುದು), ‘ಗೆಟ್ ರೌಂಡ್ ಟು ಇಟ್’ (ಕೊನೆಗೂ ಅದಕ್ಕೆ ಬಿಡುವು ಮಾಡಿಕೊಳ್ಳುವುದು). ಇಲ್ಲಿ ಬೇರೊಂದು ಗುಂಡಿ ಇದೆ. ತಪ್ಪು ಮಾಡಿಯೂ ಶಿಕ್ಷೆಯಿಂದ ಪಾರಾಗುವುದಕ್ಕೆ ಇಟಾಲಿಯನ್ನಿನಲ್ಲಿ ‘ಫಾರ್ಲ ಫ್ರಾಂಕ’. ಮಕ್ಕಳು ಇದನ್ನು ‘ಹೀ ಗಾಟ್ ಅವೇ’ ಎಂದು ಬರೆಯುತ್ತಾರೆ. ಅದರರ್ಥ ಓಡಿಹೋದ, ತಪ್ಪಿಸಿಕೊಂಡ ಎಂದಷ್ಟೇ. ಶಿಕ್ಷೆಯಿಲ್ಲದೆ ಪಾರಾದ ಎನ್ನಲು ‘ಹೀ ಗಾಟ್ ಅವೇ ವಿತ್ ಇಟ್’ ಪೂರ್ತಿ ಬೇಕು. ‘ಫಾರ್ಲ’ದ ಬಾಲದಲ್ಲಿರುವ ‘ಲ’ವನ್ನು ತೋರಿಸಿ, ಅದೇ ಈ ‘ಇಟ್’ ಎಂದು ಹೇಳಿ, ನೆನಪಿನಲ್ಲಿ ಉಳಿಯುತ್ತದೆ. ಆದರೆ ‘ಕವಾರ್ಸೆಲ’, ಹೇಗೋ ನಿಭಾಯಿಸುವುದು, ಎಂಬಲ್ಲಿಯೂ ‘ಲ’ ಇದೆ, ಇಂಗ್ಲಿಷಿನಲ್ಲಿ ಬರೀ ‘ಗೆಟ್ ಬೈ’. ಅದಕ್ಕೆ ‘ಇಟ್’ ಸೇರಿಸಬಾರದು.

‘ಗೆಟ್ ಯೂಸ್ಡ್ ಟು’, ‘ಗೆಟ್ ರೌಂಡ್ ಟು’, ‘ಗೆಟ್ ಡೌನ್ ಟು’ (ಮನಸ್ಸಿಟ್ಟು ಕೆಲಸ ಶುರುಮಾಡುವುದು) ಮೂರರಲ್ಲೂ ‘ಟು’ ಆದ ಮೇಲೆ ಕ್ರಿಯಾಪದಕ್ಕೆ ‘ಇಂಗ್’ ಹತ್ತಬೇಕು: ‘ಐ ಗಾಟ್ ಯೂಸ್ಡ್ ಟು ಡ್ರೈವಿಂಗ್ ಆನ್ ದ ಲೆಫ್ಟ್’. ಇಟಾಲಿಯನ್ನಿನಲ್ಲಿ ‘ಅಬಿತುವಾರ್ಸಿ ಅ’ ಆದ ಮೇಲೆ ಮೂಲ ರೂಪವೇ ಬರುವುದರಿಂದ ‘ಟು ಡ್ರೈವ್’ ಎಂದು ಬರೆದುಬಿಡುತ್ತಾರೆ. ‘ಟು’ ಆದ ಮೇಲೆ ಒಂದು ನಾಮಪದ ಇಟ್ಟು ನೋಡಲಿ. ‘ಗೆಟ್ ಯೂಸ್ಡ್ ಟು ದ ರೇನ್’ ಸರಿ ಎನಿಸಿದರೆ ಅಲ್ಲಿ ‘ಇಂಗ್’ ಬೇಕು.

ಪರೀಕ್ಷೆಯಲ್ಲಿ ಇದೆಲ್ಲ ಹೆಚ್ಚು ಕೆಲಸಕ್ಕೆ ಬರುವುದು ರೀಡಿಂಗ್ ಅಂಡ್ ಯೂಸ್ ಆಫ್ ಇಂಗ್ಲಿಷ್ ಪತ್ರಿಕೆಯ 4ನೇ ಭಾಗದಲ್ಲಿ. ಅಲ್ಲಿ 6 ಪ್ರಶ್ನೆ, ಒಂದೊಂದಕ್ಕೂ 2 ಅಂಕದವರೆಗೆ. ಕೊಟ್ಟ ಪದವನ್ನು ಬದಲಿಸದೆ, ಅದನ್ನೂ ಸೇರಿಸಿ 2ರಿಂದ 5 ಪದಗಳಲ್ಲಿ ಖಾಲಿ ಜಾಗ ತುಂಬಬೇಕು. ಉದಾಹರಣೆಗೆ ‘ಐ ಹ್ಯಾವಂಟ್ ರಿಕವರ್ಡ್ ಫ್ರಮ್ ದ ಫ್ಲೂ ಯೆಟ್’ ಎಂಬ ವಾಕ್ಯ, ಕೊಟ್ಟ ಪದ ‘ಓವರ್’. ಎರಡನೆಯ ವಾಕ್ಯ ‘ಐ’ ಎಂದು ಶುರುವಾಗಿ, ಖಾಲಿ ಜಾಗ ಬಿಟ್ಟು, ‘ದ ಫ್ಲೂ ಯೆಟ್’ ಎಂದು ಮುಗಿಯುತ್ತದೆ. ಉತ್ತರ ‘ಹ್ಯಾವಂಟ್ ಗಾಟ್ ಓವರ್’. ‘ಹ್ಯಾವಂಟ್’ನಂಥ ಕೂಡುರೂಪವನ್ನು ಎರಡು ಪದವೆಂದು ಎಣಿಸುತ್ತಾರೆ, ಆದ್ದರಿಂದ ಇದು ನಾಲ್ಕು ಪದ. ಐದು ಮೀರಿದರೆ ಅರ್ಥ ಸರಿಯಿದ್ದರೂ ಅಂಕ ಹೋಗುತ್ತದೆ. ಬರೆದ ಮೇಲೆ ಬೆರಳು ಮಡಿಸಿ ಎಣಿಸುವ ಅಭ್ಯಾಸವಾಗಲಿ.

ಧಾರವಾಡದಿಂದ, ಭಾಷಾಶಾಸ್ತ್ರದ ವಿದ್ಯಾರ್ಥಿ: ‘ಐ ಕಟ್ ಮೈ ಹೇರ್’ ಎಂದು ಇಟಾಲಿಯನ್ನರು ಹೇಳಿದಾಗ ತಾವೇ ಕತ್ತರಿಸಿಕೊಂಡರೋ, ಕ್ಷೌರದಂಗಡಿಗೆ ಹೋಗಿದ್ದರೋ ಗೊತ್ತಾಗುವುದಿಲ್ಲ. ಇದಕ್ಕೆ ‘ಗೆಟ್’ನಲ್ಲಿ ಪರಿಹಾರವಿದೆಯೇ?

ಇದೆ, ‘ಐ ಗಾಟ್ ಮೈ ಹೇರ್ ಕಟ್’. ಇಟಾಲಿಯನ್ನಿನಲ್ಲಿ ‘ಮಿ ಸೊನೊ ತಲ್ಯಾತೊ ಇ ಕಪೆಲ್ಲಿ’ ಎಂದರೆ ಎರಡೂ ಅರ್ಥ ಬರುತ್ತದೆ. ಸ್ಪಷ್ಟವಾಗಿ ಹೇಳಬೇಕಾದಾಗ ‘ಫಾರ್ಸಿ ತಲ್ಯಾರೆ’ ಎನ್ನುತ್ತಾರೆ. ‘ಫಾರೆ’ ಮಾಡಿಸುವುದನ್ನು ಹೇಳುತ್ತದೆ, ‘ಸಿ’ ತನಗಾಗಿ ಎಂಬುದನ್ನು. ನಮ್ಮ ‘ಮಾಡಿಸಿಕೊಳ್ಳು’ ಎಂಬುದರಲ್ಲಿರುವ ‘ಇಸು’, ‘ಕೊಳ್ಳು’ ಎರಡೂ ಅಲ್ಲಿವೆ. ಕ್ಷೌರ ಮಾಡಿಕೊಂಡೆ, ಕ್ಷೌರ ಮಾಡಿಸಿಕೊಂಡೆ ಎಂಬ ವ್ಯತ್ಯಾಸ ಕನ್ನಡದವರಿಗೆ ಬಿಡಿಸಿ ಹೇಳಬೇಕಿಲ್ಲ. ಇಟಾಲಿಯನ್ನರಿಗೂ ಅರ್ಥ ಹೇಳಬೇಕಿಲ್ಲ, ಪದಗಳ ಕ್ರಮ ಹೇಳಿದರೆ ಸಾಕು.

‘ಒ ಫಾತ್ತೊ ರಿಪರಾರೆ ಲ ಮಾಕ್ಕಿನ’, ಕಾರು ರಿಪೇರಿ ಮಾಡಿಸಿದೆ, ಎಂಬುದರಲ್ಲಿ ಎರಡು ಕ್ರಿಯಾಪದಗಳು ಅಂಟಿಕೊಂಡು, ಕಾರು ಕೊನೆಗೆ ಬರುತ್ತದೆ. ಅದರಿಂದಲೇ ‘ಐ ಗಾಟ್ ರಿಪೇರ್ಡ್ ದ ಕಾರ್’ ಎಂಬ ತಪ್ಪು. ಇಂಗ್ಲಿಷಿನಲ್ಲಿ ವಸ್ತು ಒಳಗೆ ಬರಬೇಕು: ‘ಐ ಗಾಟ್ ದ ಕಾರ್ ರಿಪೇರ್ಡ್’. ಚೀಟಿಗಳಲ್ಲಿ ‘ಗಾಟ್’, ವಸ್ತು, ಭೂತಕೃದಂತ (‘ರಿಪೇರ್ಡ್’ನಂಥ ರೂಪ) ಬರೆದು ಮೇಜಿನ ಮೇಲೆ ಜೋಡಿಸಿ ತೋರಿಸುವುದು ಇಲ್ಲಿ ಒಳ್ಳೆಯ ಉಪಾಯ. ಒಬ್ಬರಿಂದ ಮಾಡಿಸುವುದಾದರೆ ‘ಟು’ ಬೇಕು: ‘ಐ ಗಾಟ್ ಹಿಮ್ ಟು ರಿಪೇರ್ ಇಟ್’. ಇದೇ ಕೆಲಸಕ್ಕೆ ‘ಮೇಡ್’ ಹಾಕಿದರೆ ‘ಟು’ ಬರುವುದಿಲ್ಲ, ಒತ್ತಾಯದ ಛಾಯೆಯೂ ಸೇರುತ್ತದೆ.

‘ಹೀ ಗಾಟ್ ಫೈರ್ಡ್’ ಎಂಬ ಕರ್ಮಣಿ ಪ್ರಯೋಗಕ್ಕೆ ಇಟಾಲಿಯನ್ನಿನಲ್ಲಿ ‘ವೆನೀರೆ’ (ಬರುವುದು) ಸೇರಿಸಿ ಮಾಡುವ ಕರ್ಮಣಿ ಹತ್ತಿರ. ಅದೂ ನಡೆದ ಕ್ರಿಯೆಗೇ ಒತ್ತು ಕೊಡುತ್ತದೆ. ಆದರೆ ‘ವೆನೀರೆ’ ಸರಕಾರಿ ಕಾಗದದಲ್ಲೂ ನಡೆಯುತ್ತದೆ, ‘ಗೆಟ್’ ಆಡುಮಾತಿನದು. ವರದಿ, ಪ್ರಬಂಧಗಳಲ್ಲಿ ‘ವಾಸ್ ಫೈರ್ಡ್’, ‘ವಾಸ್ ಡಿಸ್ಮಿಸ್ಡ್’ ಇರಲಿ.

ಉಡುಪಿಯಿಂದ, ಶಿಕ್ಷಕಿ: ಹೊಸದಾಗಿ ಸೇರಿದ ಇಟಾಲಿಯನ್ ವಿದ್ಯಾರ್ಥಿ ‘ಗೆಟ್’ ಅನ್ನು ‘ಜೆಟ್’ ಎಂದು ಓದುತ್ತಾನೆ. ತಿದ್ದಿದರೆ ‘ಗೆಟ್ಟೆ’ ಎನ್ನುತ್ತಾನೆ.

ಇಟಾಲಿಯನ್ ಬರವಣಿಗೆಯಲ್ಲಿ ಜಿ ಅಕ್ಷರದ ಮುಂದೆ ಇ ಅಥವಾ ಐ ಬಂದರೆ ‘ಜ’ ಎಂದೇ ಓದಬೇಕು. ‘ಗ’ ಬೇಕಿದ್ದರೆ ನಡುವೆ ಎಚ್ ಸೇರಿಸುತ್ತಾರೆ. ಅವನ ಪುಸ್ತಕದಲ್ಲಿ ಮೊದಲ ಕೆಲವು ದಿನ ಪೆನ್ಸಿಲಿನಲ್ಲಿ ಆ ಎಚ್ ಬರೆದುಕೊಳ್ಳಲಿ, ‘ಗಿವ್’ ಪದಕ್ಕೂ ಹಾಗೆಯೇ. ಆಮೇಲೆ ಅಳಿಸಿದರಾಯಿತು.

ಬಾಲದ ‘ಎ’ ಬರುವುದು ಇಟಾಲಿಯನ್ ಪದಗಳು ಬಹುತೇಕ ಸ್ವರದಲ್ಲೇ ಮುಗಿಯುವುದರಿಂದ. ಬಿಡಿಯಾಗಿ ‘ಗೆಟ್’ ಹೇಳಿಸಬೇಡಿ. ಮುಂದೆ ಸ್ವರವಿರುವ ಪದದ ಜೊತೆ ಸೇರಿಸಿ ಹೇಳಿಸಿ: ‘ಗೆಟಪ್’, ‘ಗೆಟಾಫ್’, ‘ಗೆಟಿನ್’. ‘ಟ್’ಗೆ ಆತುಕೊಳ್ಳಲು ಸ್ವರ ಸಿಕ್ಕಿದ್ದರಿಂದ ‘ಎ’ ತಾನೇ ಉದುರುತ್ತದೆ. ಅದು ಹಿಡಿತಕ್ಕೆ ಬಂದ ಮೇಲೆ ವ್ಯಂಜನಕ್ಕೆ ಹೋಗಿ: ‘ಗೆಟ್ ಬ್ಯಾಕ್’, ‘ಗೆಟ್ ಡ್ರೆಸ್ಡ್’. ‘ಗೆಟ್ ಹೋಮ್’ ಕೊನೆಗಿರಲಿ, ಅದರಲ್ಲಿ ‘ಹ’ಕಾರವನ್ನೂ ಉಳಿಸಿಕೊಳ್ಳಬೇಕು. ಇಟಾಲಿಯನ್ ಬಾಯಿಗೆ ಆ ಉಚ್ಚಾರವೇ ಹೊಸದು.